ಟ್ರ್ಯಾಕ್ ಬಳಕೆಗಾಗಿ ಸೆರಾಮಿಕ್ ಬ್ರೇಕ್ ಬದಲಾವಣೆ

ಟ್ರ್ಯಾಕ್ ಬಳಕೆಗಾಗಿ ಸೆರಾಮಿಕ್ ಬ್ರೇಕ್ ಬದಲಾವಣೆ ಎಂದರೆ, ತಯಾರಕರು ಕ್ರೀಡಾ ಕಾರಿಗೆ ಅಳವಡಿಸಿ ಕೊಟ್ಟಿರುವ ಕಾರ್ಬನ್-ಸೆರಾಮಿಕ್ ಬ್ರೇಕ್ ಡಿಸ್ಕ್‌ಗಳನ್ನು ತೆಗೆದು, ರೇಸಿಂಗ್ ಪಥದ ಬಳಕೆಗೆ ತಕ್ಕ ಬೀಡುಕಬ್ಬಿಣದ ಡಿಸ್ಕ್‌ಗಳನ್ನು ಹಾಕುವುದು. ಪೋರ್ಷೆ 911 ಜಿಟಿ3ಯಂತಹ ಕಾರುಗಳನ್ನು ಕೊಂಡು, ರಜಾದಿನಗಳಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಂತಹ ಪಥಗಳಲ್ಲಿ ಓಡಿಸುವ ಹವ್ಯಾಸಿಗಳಲ್ಲಿ ಈ ರೂಢಿ ಕಂಡುಬರುತ್ತದೆ. ಬೆಲೆಬಾಳುವ ಭಾಗವನ್ನು ತೆಗೆದು ಅಗ್ಗದ ಭಾಗವನ್ನು ಹಾಕುವ ಈ ಕ್ರಮ ಮೇಲುನೋಟಕ್ಕೆ ವಿಚಿತ್ರವೆನಿಸಿದರೂ ಅದಕ್ಕೆ ಭೌತಿಕ ಹಾಗೂ ಆರ್ಥಿಕ ಕಾರಣಗಳಿವೆ.

ಹಿನ್ನೆಲೆ

ಪೋರ್ಷೆ ಸಂಸ್ಥೆಯು 2001ರಲ್ಲಿ 911 ಜಿಟಿ2 ಮಾದರಿಯೊಂದಿಗೆ ಪಿಸಿಸಿಬಿ ಎಂಬ ಹೆಸರಿನ ಕಾರ್ಬನ್-ಸೆರಾಮಿಕ್ ಬ್ರೇಕ್‌ಗಳನ್ನು ಪರಿಚಯಿಸಿತು. 2002ರ ಫೆರಾರಿ ಎಂಜೋ ಕಾರಿನಲ್ಲಿಯೂ ಇದೇ ಬಗೆಯ ಡಿಸ್ಕ್‌ಗಳಿದ್ದವು. ಇಟಲಿಯ ಬ್ರೆಂಬೊ ಮತ್ತು ಜರ್ಮನಿಯ ಎಸ್‌ಜಿಎಲ್ ಸಂಸ್ಥೆಗಳು 2009ರಲ್ಲಿ ಈ ಡಿಸ್ಕ್‌ಗಳ ತಯಾರಿಕೆಗಾಗಿ ಜಂಟಿ ಸಂಸ್ಥೆಯೊಂದನ್ನು ಸ್ಥಾಪಿಸಿದವು. ಪೋರ್ಷೆ ಕಾರುಗಳಲ್ಲಿ ಹಳದಿ ಬಣ್ಣದ ಕ್ಯಾಲಿಪರ್‌ಗಳು ಸೆರಾಮಿಕ್ ಬ್ರೇಕ್‌ನ ಗುರುತಾಗಿ ಪ್ರಸಿದ್ಧವಾಗಿವೆ. 991 ಪೀಳಿಗೆಯ ಜಿಟಿ3 ಕಾರಿಗೆ ಅಮೆರಿಕದಲ್ಲಿ ಈ ಆಯ್ಕೆಯ ಬೆಲೆ 9,000 ಡಾಲರಿಗೂ ಹೆಚ್ಚಾಗಿತ್ತು.

ಫಾರ್ಮುಲಾ 1 ಕಾರುಗಳಲ್ಲಿರುವ ಡಿಸ್ಕ್‌ಗಳೂ ಇವೂ ಒಂದೇ ಎಂಬ ತಿಳಿವಳಿಕೆ ಜನರಲ್ಲಿದೆ. ಅದು ಸರಿಯಲ್ಲ. ಅಲ್ಲಿ ಬಳಸುವುದು ಕಾರ್ಬನ್-ಕಾರ್ಬನ್, ಅಂದರೆ ಇಂಗಾಲದ ಎಳೆಗಳನ್ನು ಇಂಗಾಲದಿಂದಲೇ ಬೆಸೆದ ವಸ್ತು. ಅದು ಚೆನ್ನಾಗಿ ಕಾದ ಮೇಲಷ್ಟೇ ಸರಿಯಾಗಿ ಹಿಡಿಯುವುದರಿಂದ ಊರ ರಸ್ತೆಗೆ ಸಲ್ಲದು. ಇನ್ನೊಂದೆಡೆ, ಪೋರ್ಷೆಯೇ ರೇಸಿಗೆಂದು ತಯಾರಿಸುವ 911 ಜಿಟಿ3 ಕಪ್ ಕಾರಿನಲ್ಲಿಯೂ ಜಿಟಿ3 ವರ್ಗದ ಇತರ ರೇಸ್ ಕಾರುಗಳಲ್ಲಿಯೂ ಇರುವುದು ಲೋಹದ ಡಿಸ್ಕ್‌ಗಳೇ. ರಸ್ತೆಯ ಕಾರಿಗೆ ಸೆರಾಮಿಕ್, ರೇಸಿನ ಕಾರಿಗೆ ಕಬ್ಬಿಣ ಎಂಬ ಈ ತಿರುವುಮುರುವು ಗಮನಾರ್ಹ.

ವಸ್ತುವಿನ ಸ್ವರೂಪ

ಇಂಗಾಲದ ಸಣ್ಣ ಎಳೆಗಳನ್ನು ರಾಳದೊಡನೆ ಬೆರೆಸಿ ಅಚ್ಚಿನಲ್ಲಿ ಒತ್ತಿ, ಗಾಳಿಯಿಲ್ಲದ ಕುಲುಮೆಯಲ್ಲಿ ಸುಟ್ಟಾಗ ರಾಳವು ಇಂಗಾಲವಾಗಿ ಮಾರ್ಪಟ್ಟು ಸೂಕ್ಷ್ಮ ರಂಧ್ರಗಳಿರುವ ಬಿಲ್ಲೆ ಉಳಿಯುತ್ತದೆ. ಸಿಲಿಕಾನ್ 1,414° ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದಕ್ಕಿಂತ ಹೆಚ್ಚಿನ ಉಷ್ಣತೆಯಲ್ಲಿ ಆ ದ್ರವವು ರಂಧ್ರಗಳೊಳಕ್ಕೆ ಇಳಿದು, ಇಂಗಾಲದೊಡನೆ ಸೇರಿ ಸಿಲಿಕಾನ್ ಕಾರ್ಬೈಡ್ ಆಗುತ್ತದೆ. ಹೀಗೆ ದೊರೆತ ಡಿಸ್ಕ್ ಬಹಳ ಗಟ್ಟಿ, ತುಕ್ಕು ಹಿಡಿಯದು, ಬ್ರೇಕ್ ಧೂಳೂ ಕಡಿಮೆ. ಕಬ್ಬಿಣದ ಡಿಸ್ಕ್‌ಗೆ ಹೋಲಿಸಿದರೆ ತೂಕ ಸುಮಾರು ಅರ್ಧದಷ್ಟು. ಚಕ್ರದೊಂದಿಗೆ ಮೇಲೆ ಕೆಳಗೆ ಆಡುವ ಭಾಗ ಹಗುರವಾದಷ್ಟೂ ಟೈರು ನೆಲವನ್ನು ಚೆನ್ನಾಗಿ ಹಿಡಿಯುತ್ತದೆ. ಸಾಮಾನ್ಯ ರಸ್ತೆಯ ಬಳಕೆಯಲ್ಲಿ ಈ ಡಿಸ್ಕ್‌ಗಳು ಬಹುಕಾಲ ಬಾಳುತ್ತವೆ. ಆದ್ದರಿಂದ ರಸ್ತೆಗಷ್ಟೇ ಇಳಿಯುವ ಕಾರಿನಲ್ಲಿ ಅವುಗಳನ್ನು ಬದಲಿಸಲು ಕಾರಣವೇ ಇಲ್ಲ.

ಬದಲಿಸುವ ಕಾರಣಗಳು

ಬ್ರೇಕ್ ಹಾಕುವುದೆಂದರೆ ಚಲನಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸುವುದು. 1,500 ಕಿಲೋಗ್ರಾಂ ತೂಕದ ಕಾರು ಗಂಟೆಗೆ 200 ಕಿ.ಮೀ. ವೇಗದಿಂದ 80 ಕಿ.ಮೀ. ವೇಗಕ್ಕೆ ಇಳಿಯುವಾಗ ಸುಮಾರು 19 ಲಕ್ಷ ಜೂಲ್ ಶಕ್ತಿ ಕಳೆಯಬೇಕು. ಅದರ ಬಹುಪಾಲು ಕೆಲವೇ ಸೆಕೆಂಡುಗಳಲ್ಲಿ ನಾಲ್ಕು ಡಿಸ್ಕ್‌ಗಳಿಗೆ ಹೋಗುತ್ತದೆ. ಮುಂದಿನ ತಿರುವಿನಲ್ಲಿ ಮತ್ತೆ ಅದೇ. ಸೆರಾಮಿಕ್ ವಸ್ತುವಿನ ವಿಶಿಷ್ಟೋಷ್ಣ ಕಬ್ಬಿಣಕ್ಕಿಂತ ಹೆಚ್ಚೆಂಬುದು ನಿಜ. ಆದರೆ ಸಾಂದ್ರತೆ ಕಬ್ಬಿಣದ ಮೂರನೆಯ ಒಂದು ಭಾಗದಷ್ಟು ಮಾತ್ರ. ಹಾಗಾಗಿ ಒಂದೇ ಗಾತ್ರದ ಎರಡು ಡಿಸ್ಕ್‌ಗಳಲ್ಲಿ ಸೆರಾಮಿಕ್ ಡಿಸ್ಕ್ ಅಷ್ಟೇ ಉಷ್ಣಕ್ಕೆ ಹೆಚ್ಚು ಕಾಯುತ್ತದೆ. 991 ಜಿಟಿ3ಯಲ್ಲಿ ಕಬ್ಬಿಣದ ಡಿಸ್ಕ್‌ಗಳು 380 ಮಿ.ಮೀ. ವ್ಯಾಸದವಾದರೆ ಸೆರಾಮಿಕ್ ಡಿಸ್ಕ್‌ಗಳು ಮುಂದೆ 410, ಹಿಂದೆ 390 ಮಿ.ಮೀ. ಇರುವುದಕ್ಕೆ ಇದೂ ಒಂದು ಕಾರಣ.

ಅತಿಯಾಗಿ ಕಾದಾಗ ಡಿಸ್ಕ್‌ನೊಳಗಿನ ಇಂಗಾಲದ ಎಳೆಗಳು ಗಾಳಿಯ ಆಮ್ಲಜನಕದೊಡನೆ ಸೇರಿ ನಿಧಾನವಾಗಿ ಉರಿದುಹೋಗುತ್ತವೆ. ಡಿಸ್ಕ್‌ನ ದಪ್ಪ ಹಾಗೆಯೇ ಇರುತ್ತದೆ, ಒಳಗಿನ ಬಲ ಕುಂದುತ್ತದೆ. ಈ ಸವೆತ ಕಣ್ಣಿಗೆ ಸುಲಭವಾಗಿ ಕಾಣದೆಂಬುದೇ ಇದರ ಅಪಾಯ. ಆ ಕಾರಣಕ್ಕಾಗಿ ಇಂತಹ ಡಿಸ್ಕ್‌ಗಳ ಮೇಲೆ ಕನಿಷ್ಠ ದಪ್ಪದ ಜೊತೆಗೆ ಕನಿಷ್ಠ ತೂಕವನ್ನೂ ನಮೂದಿಸುವ ರೂಢಿಯಿದೆ. ಡಿಸ್ಕನ್ನು ಬಿಚ್ಚಿ, ಒರೆಸಿ, ತಕ್ಕಡಿಯಲ್ಲಿಟ್ಟು ತೂಗಬೇಕು. ಉಳಿದ ಇಂಗಾಲದ ಪ್ರಮಾಣವನ್ನು ವಿದ್ಯುತ್ಕಾಂತೀಯ ವಿಧಾನದಿಂದ ಅಳೆಯುವ ಕೈ ಉಪಕರಣಗಳೂ ಇವೆ.

ಇದಲ್ಲದೆ ಸೆರಾಮಿಕ್ ಡಿಸ್ಕ್‌ನ ಅಂಚು ಪೆಟ್ಟು ತಾಳದು. ಟ್ರ್ಯಾಕ್ ದಿನಗಳಲ್ಲಿ ಚಕ್ರಗಳನ್ನು ಪದೇ ಪದೇ ಬಿಚ್ಚಿ ಹಾಕುವಾಗ ರಿಮ್ ತಗುಲಿ ಅಂಚು ಚಕ್ಕೆ ಏಳಬಹುದು. ಹಬ್‌ಗೆ ಮಾರ್ಗದರ್ಶಿ ಪಿನ್‌ಗಳನ್ನು ತಿರುಗಿಸಿ ಹಾಕಿ, ಅವುಗಳ ಮೇಲೆ ಚಕ್ರವನ್ನು ಜಾರಿಸಬೇಕೆಂಬ ನಿಯಮ ಇದಕ್ಕಾಗಿಯೇ ಇದೆ. ಪಥದ ಅಂಚಿನ ಜಲ್ಲಿಗೆ ಕಾರು ಜಾರಿದರೂ ಅಪಾಯ ತಪ್ಪಿದ್ದಲ್ಲ. ಕಬ್ಬಿಣದ ಡಿಸ್ಕ್ ಸವೆದರೆ ಅಥವಾ ಬಿರಿದರೆ ಹೊಸದನ್ನು ಹಾಕುವ ಖರ್ಚು ಸೆರಾಮಿಕ್ ಡಿಸ್ಕ್‌ನ ಬೆಲೆಯ ಸಣ್ಣ ಭಾಗವಷ್ಟೆ. ಆದುದರಿಂದ ಅನೇಕ ಮಾಲೀಕರು ಮೂಲ ಡಿಸ್ಕ್‌ಗಳನ್ನು ಬಿಚ್ಚಿ ಜೋಪಾನವಾಗಿಟ್ಟು, ಕಾರು ಮಾರುವಾಗ ಮತ್ತೆ ಹಾಕುತ್ತಾರೆ.

ಬದಲಾವಣೆಯ ಕ್ರಮ

ಮೂಲ ಕ್ಯಾಲಿಪರ್‌ಗೆ ಹೊಂದುವಂತೆ ತಯಾರಿಸಿದ ಕಬ್ಬಿಣದ ಡಿಸ್ಕ್‌ಗಳನ್ನು ಹಾಕುವುದು ಒಂದು ಮಾರ್ಗ. ಕ್ಯಾಲಿಪರ್ ಸಹಿತ ಇಡೀ ವ್ಯವಸ್ಥೆಯನ್ನೇ ಬದಲಿಸುವುದು ಮತ್ತೊಂದು. ಅಮೆರಿಕದ ಜೈರೊಡಿಸ್ಕ್ ಹಾಗೂ ಇಂಗ್ಲೆಂಡಿನ ಎಪಿ ರೇಸಿಂಗ್ ಈ ಕ್ಷೇತ್ರದ ಪರಿಚಿತ ಹೆಸರುಗಳು. ಈ ಡಿಸ್ಕ್‌ಗಳು ಬಹುತೇಕ ಎರಡು ತುಂಡಿನವು: ಹೊರಗೆ ಕಬ್ಬಿಣದ ಉಂಗುರ, ನಡುವೆ ಅಲ್ಯೂಮಿನಿಯಂ ಟೋಪಿ. ಕಾದ ಉಂಗುರ ಹಿಗ್ಗಲು ಅವಕಾಶವಿರುವಂತೆ ಎರಡನ್ನೂ ಸ್ವಲ್ಪ ಸಡಿಲವಾಗಿ ಜೋಡಿಸಿರುತ್ತಾರೆ. ರಂಧ್ರ ಕೊರೆದ ಡಿಸ್ಕ್‌ಗಳಲ್ಲಿ ಬಿರುಕು ಬಹುಮಟ್ಟಿಗೆ ರಂಧ್ರಗಳ ಬಳಿಯೇ ಮೂಡುವುದರಿಂದ, ಪಥಕ್ಕೆ ಗೀರು ತೆಗೆದ ಡಿಸ್ಕ್‌ಗಳನ್ನು ಆಯ್ದುಕೊಳ್ಳುವುದು ಮೇಲು. ಒಳಗಿನ ಗಾಳಿ ದಾರಿಗಳು ಬಾಗಿದ್ದರೆ ಎಡ ಬಲಗಳನ್ನು ಅದಲುಬದಲು ಮಾಡಬಾರದು.

ಪ್ಯಾಡ್‌ಗಳನ್ನು ಕಡ್ಡಾಯವಾಗಿ ಬದಲಿಸಬೇಕು. ಸೆರಾಮಿಕ್ ಡಿಸ್ಕ್‌ಗೆ ಮಾಡಿದ ಪ್ಯಾಡ್‌ನ ಮಿಶ್ರಣವೇ ಬೇರೆ. ಅದನ್ನು ಕಬ್ಬಿಣದ ಮೇಲೆ ಬಳಸಿದರೆ ಹಿಡಿತವನ್ನು ನೆಚ್ಚಲಾಗದು. ಹೊಸ ಪ್ಯಾಡ್ ಮತ್ತು ಡಿಸ್ಕ್‌ಗಳನ್ನು ಹಂತಹಂತವಾಗಿ ಕಾಯಿಸಿ, ನಿಲ್ಲಿಸದೆ ಓಡಿಸುತ್ತಲೇ ತಣಿಸಿ ಪಳಗಿಸಬೇಕು. ಹೀಗೆ ಪ್ಯಾಡ್‌ನ ತೆಳುವಾದ ಪದರ ಡಿಸ್ಕ್‌ನ ಮೇಲೆ ಸಮವಾಗಿ ಕೂರುತ್ತದೆ. ಕಾದ ಬ್ರೇಕನ್ನು ಅದುಮಿಕೊಂಡೇ ಕಾರು ನಿಲ್ಲಿಸಿದರೆ ಪದರ ಒಂದೇ ಕಡೆ ಅಂಟಿ, ಮುಂದೆ ಪೆಡಲ್ ನಡುಗುತ್ತದೆ. ಡಿಸ್ಕ್ ಸೊಟ್ಟಗಾಗಿದೆ ಎಂದು ಜನ ದೂರುವ ಎಷ್ಟೋ ಪ್ರಸಂಗಗಳಲ್ಲಿ ನಡೆದಿರುವುದು ಇದೇ.

ಬ್ರೇಕ್ ದ್ರವದ ವಿಷಯ ಬಹಳ ಸಲ ಕಡೆಗಣಿತವಾಗುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 230° ಇರಬೇಕು. ತೇವ ಹೀರಿದ ಸ್ಥಿತಿಗೆ ನಿಗದಿಯಾದ ಕನಿಷ್ಠ ಮಿತಿ 155°. ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳಾಗಿ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಆಗ ಡಿಸ್ಕ್ ಯಾವ ವಸ್ತುವಿನದಾದರೂ ಒಂದೇ. ಆದುದರಿಂದ 300° ಮೀರಿದ ಕುದಿಬಿಂದುವಿನ ರೇಸಿಂಗ್ ದ್ರವವನ್ನು ತುಂಬಿ, ಗಾಳಿಯನ್ನು ಪೂರ್ಣವಾಗಿ ತೆಗೆಯಬೇಕು.

ಮಿತಿಗಳು

ಬದಲಾವಣೆಯಿಂದ ಪ್ರತಿ ಚಕ್ರಕ್ಕೂ ಹಲವು ಕಿಲೋಗ್ರಾಂ ತೂಕ ಸೇರುತ್ತದೆ. ಸ್ಟೀರಿಂಗ್‌ನ ಚುರುಕು ತುಸು ತಗ್ಗುತ್ತದೆ. ಕಬ್ಬಿಣವೂ ಬಿರಿಯುತ್ತದೆ. ಮೇಲ್ಮೈಯ ಕೂದಲೆಳೆಯ ಬಿರುಕುಗಳು ಸಹಜವಾದರೂ, ಬಿರುಕು ಅಂಚಿನವರೆಗೆ ಹಬ್ಬಿದ ಡಿಸ್ಕನ್ನು ಕೂಡಲೇ ತೆಗೆಯಬೇಕು. ಮುಂದಿನ ಮತ್ತು ಹಿಂದಿನ ಡಿಸ್ಕ್‌ಗಳ ವ್ಯಾಸವನ್ನು ಮನಬಂದಂತೆ ಆಯ್ದರೆ ಬ್ರೇಕ್ ಬಲದ ಹಂಚಿಕೆ ಕೆಟ್ಟು, ಹಿಂಬದಿ ಮೊದಲು ಜಾರುವ ಸಂಭವವಿದೆ. ಜರ್ಮನಿಯಲ್ಲಿ ಅನುಮೋದನೆಯಿಲ್ಲದ ಬ್ರೇಕ್ ಭಾಗಗಳನ್ನು ಹಾಕಿದ ಕಾರು ಸಾರ್ವಜನಿಕ ರಸ್ತೆಯಲ್ಲಿ ಓಡುವ ಪರವಾನಗಿಯನ್ನೇ ಕಳೆದುಕೊಳ್ಳಬಹುದು. ಕಾರು ಪಥಕ್ಕೆ ರಸ್ತೆಯ ಮೇಲೆಯೇ ಓಡಿಕೊಂಡು ಹೋಗುವುದಾದರೆ, ಭಾಗಗಳ ಅನುಮೋದನಾ ಪತ್ರವನ್ನು ಕೊಳ್ಳುವ ಮುನ್ನವೇ ನೋಡಿಕೊಳ್ಳಬೇಕಾಗುತ್ತದೆ.