ಬಡವನ ಮೊದಲ ಬಿಲ್ಲು: ಇಂಗ್ಲೆಂಡಿನ ಇತಿಹಾಸದಿಂದ ಒಂದು ಕಥಿ

ಬಿಲ್ಲು ಅಂದ ಕೂಡಲೆ ನಮ್ಮ ಓಣಿಯ ಹುಡುಗರಿಗೆ ಏಕಲವ್ಯ ನೆನಪಾಗ್ತಾನ, ಅವನ ಹೆಬ್ಬೆರಳು ನೆನಪಾಗ್ತದ. ಆ ಕಥಿಯನ್ನು ಭಾಷಣದಾಗ, ನಾಟಕದಾಗ ನೀವು ಬೇಕಾದಷ್ಟು ಸಲ ಕೇಳೀರಿ. ನಾನು ಇಲ್ಲಿ ಹೇಳುವುದು ಬೇರೆ ದೇಶದ ಬಿಲ್ಲಿನ ವಿಷಯ. ಅದಕ್ಕೆ ಕಾರಣ ಬಾಬಾಸಾಹೇಬರೇ. 1936ರಲ್ಲಿ ಬಂದ 'ಜಾತಿ ವಿನಾಶ'ದಲ್ಲಿ ಅವರು ಒಂದು ಹೋಲಿಕೆ ಮಾಡುತ್ತಾರೆ. ಯುರೋಪಿನಲ್ಲೂ ಬಲವಂತರು ದುರ್ಬಲರನ್ನು ಸುಲಿದಿದ್ದಾರೆ. ಆದರೆ ಅಲ್ಲಿನ ದುರ್ಬಲನಿಗೆ ಸೈನ್ಯ ಸೇರುವ ದಾರಿ, ಮತದ ಹಕ್ಕು, ವಿದ್ಯೆ ಎಂಬ ಮೂರು ಆಯುಧಗಳಿದ್ದವು. ಚಾತುರ್ವರ್ಣ್ಯವು ಇಲ್ಲಿನ ಕೆಳವರ್ಗಕ್ಕೆ ಮೂರನ್ನೂ ಸಿಗದಂತೆ ಮಾಡಿತು, ಅದಕ್ಕೇ ಇಲ್ಲಿ ತಿರುಗಿ ಬೀಳುವುದು ಆಗಲಿಲ್ಲ ಎಂಬುದು ಅವರ ವಾದ. ಬಿ.ಎ.ಗೆ ಇಂಗ್ಲೆಂಡಿನ ಇತಿಹಾಸ ಓದುವಾಗ ನನಗೆ ಈ ಮಾತು ಮತ್ತೆ ಮತ್ತೆ ಎದುರು ಬಂತು. ಅಲ್ಲಿನ ಬಡವನ ಕೈಯಾಗ ಖರೇನ ಆಯುಧ ಇತ್ತೇನು? ಇದ್ದರೆ ಎಷ್ಟಕ್ಕೆ ಕೊಂಡ? ಅದರಿಂದ ಏನು ಮಾಡಬಹುದಿತ್ತು, ಏನು ಮಾಡಬಾರದಿತ್ತು?

ಆಯುಧ ಇತ್ತು. ಇತ್ತು ಅಷ್ಟೇ ಅಲ್ಲ, ಇಟ್ಟುಕೊಳ್ಳದಿದ್ದರೆ ತಪ್ಪು ಅಂತ ಕಾನೂನೇ ಇತ್ತು. 1285ರಲ್ಲಿ ಒಂದನೆಯ ಎಡ್ವರ್ಡ್ ರಾಜ ವಿಂಚೆಸ್ಟರ್ ಶಾಸನ ಹೊರಡಿಸಿದ. 15ರಿಂದ 60 ವರ್ಷದೊಳಗಿನ ಪ್ರತಿ ಗಂಡಸು ತನ್ನ ಆಸ್ತಿಗೆ ತಕ್ಕಂತೆ ಆಯುಧ ಇಡಬೇಕು. ಸಿರಿವಂತನಿಗೆ ಕುದುರೆ, ಕಬ್ಬಿಣದ ಕವಚ. ಕೆಳಗೆ ಬಂದಂತೆ ಕತ್ತಿ, ಚೂರಿ. ತೀರ ಕೆಳಗಿನವರಲ್ಲಿ ಶಕ್ತಿ ಇದ್ದವರಿಗೆ ಬಿಲ್ಲು ಬಾಣ. ಅದೇ ಸಾಲಿನೊಳಗೆ ಒಂದು ಸಣ್ಣ ಕೊಕ್ಕೆ ಅದ, ನೋಡ್ರಿ. ಅರಣ್ಯದ ಹೊರಗಿನವರಿಗೆ ಬಿಲ್ಲು ಮತ್ತು ಬಾಣ. ಅರಣ್ಯದ ಒಳಗಿನವರಿಗೆ ಬಿಲ್ಲು ಮತ್ತು ಇನ್ನೊಂದು ಬಗೆಯ ಅಂಬು. ಮೊಂಡು ತುದಿಯ ಅಂಬು ಅಂತ ಅದನ್ನು ಅರ್ಥ ಮಾಡ್ತಾರ. 'ಅರಣ್ಯ' ಅಂದ್ರ ಅಲ್ಲಿ ಬರೀ ಗಿಡಮರ ಅಲ್ಲ. ರಾಜನ ಬೇಟೆಗೆ ಮೀಸಲಿಟ್ಟ ಪ್ರದೇಶ, ಅದರೊಳಗೆ ಊರುಗಳೂ ಹೊಲಗಳೂ ಇದ್ದವು. ಅಲ್ಲಿನ ಬಡವ ಗುರಿ ಕಲಿಯಬೇಕು, ರಾಜನ ಜಿಂಕೆಗೆ ಮಾತ್ರ ತಾಗಬಾರದು.

ಮುಂದೆ ಫ್ರಾನ್ಸಿನ ಮೇಲೆ ದೊಡ್ಡ ಯುದ್ಧಗಳು ಶುರುವಾದವು. 1346ರ ಕ್ರೆಸಿ, 1415ರ ಅಜಿನ್‌ಕೋರ್ಟ್ ಕಾಳಗಗಳಲ್ಲಿ ಕುದುರೆ ಮೇಲಿನ ಸರದಾರರನ್ನು ಕೆಡವಿದವರು ಈ ಸಾಮಾನ್ಯ ಮನೆಗಳ ಬಿಲ್ಲುಗಾರರು. ರಾಜನಿಗೆ ಅವರು ಬೇಕೇ ಬೇಕು. 1363ರಲ್ಲಿ ಮೂರನೆಯ ಎಡ್ವರ್ಡ್, ಹಬ್ಬದ ದಿನ ಫುಟ್‌ಬಾಲ್, ಕೋಳಿಕಾಳಗ ಬಿಟ್ಟು ಬಿಲ್ಲು ಅಭ್ಯಾಸ ಮಾಡ್ರಿ ಅಂತ ಅಪ್ಪಣೆ ಕೊಟ್ಟ.

ಈಗ ನೀವು ಆ ದೇಶದಾಗ ಕೂಲಿಯವನ ಮಗ ಅಂತ ತಿಳೀರಿ. ಇಸವಿ 1483. ಮೊದಲ ಬಿಲ್ಲು ಕೊಳ್ಳಬೇಕು, ಕಿಸೆಯಾಗ ಹೆಚ್ಚು ರೊಕ್ಕ ಇಲ್ಲ. ಎಲ್ಲಕ್ಕಿಂತ ಒಳ್ಳೇದು ಯೂ ಮರದ ಬಿಲ್ಲು. ಆ ಮರದ ಗುಣ ವಿಚಿತ್ರ. ತೊಗಟೆಯ ಕೆಳಗಿನ ಬಿಳಿ ಕಟ್ಟಿಗೆ ಎಳೆದರೆ ಹಿಗ್ಗುತ್ತದೆ, ಒಳಗಿನ ಕೆಂಪು ಕಟ್ಟಿಗೆ ಒತ್ತಿದರೆ ತಡೆಯುತ್ತದೆ. ಎರಡೂ ಸೇರುವ ಜಾಗದಾಗ ಒಂದೇ ತುಂಡು ಸೀಳಿದರೆ ಬಿಲ್ಲಿನ ಹೊರಮೈ ಬಿಳಿ, ಒಳಮೈ ಕೆಂಪು. ಅಂಟು ಬೇಡ, ಜೋಡಣೆ ಬೇಡ. ಆದರೆ ಇಂಗ್ಲೆಂಡಿನ ಯೂ ಮರದಲ್ಲಿ ಗಂಟು ಜಾಸ್ತಿ. ಒಳ್ಳೆ ಕಟ್ಟಿಗೆ ಸ್ಪೇನ್, ಇಟಲಿ ಕಡೆಯಿಂದ ಹಡಗಿನಲ್ಲಿ ಬರಬೇಕು. ಬರುವುದು ಕಡಿಮೆಯಾಗಿ ಬೆಲೆ ಏರಿದಾಗ ಸರಕಾರ ಏನು ಮಾಡಿತು ಅಂದ್ರ, 1472ರಲ್ಲಿ, ಹೊರಗಿನ ಮಾಲು ತರುವ ವ್ಯಾಪಾರಿ ಟನ್ನಿಗೆ 4 ಬಿಲ್ಲುಕೋಲು ತರಲೇಬೇಕೆಂದು ಕಟ್ಟು ಹಾಕಿತು. 1484ರಲ್ಲಿ ಮಾಮ್ಸಿ ಎಂಬ ದ್ರಾಕ್ಷಾರಸದ ಪೀಪಾಯಿಗೆ 10 ಕೋಲು. ಸಾಹುಕಾರರ ಸೆರೆಯ ಬೆನ್ನಿಗೆ ಬಡವನ ಬಿಲ್ಲು ಬಂತು ಅನ್ನಬೇಕು!

ಬೆಲೆಗೂ ಕಟ್ಟು ಹಾಕಿದರು. 1483ರ ಕಾನೂನಿನ ಪ್ರಕಾರ ಉದ್ದ ಬಿಲ್ಲನ್ನು 3 ಶಿಲ್ಲಿಂಗ್ 4 ಪೆನ್ಸ್‌ಗಿಂತ ಹೆಚ್ಚಿಗೆ ಮಾರಬಾರದು. ನಮ್ಮ ಹಿರಿಯರ ರೂಪಾಯಿ ಆಣೆ ಲೆಕ್ಕದಂಥದೇ ಅದೂ. ಒಂದು ಶಿಲ್ಲಿಂಗಿಗೆ 12 ಪೆನ್ಸ್. ಅಂದ್ರ 40 ಪೆನ್ಸ್ ಆಯಿತು. ಆಗ ಕೂಲಿಯವನಿಗೆ ದಿನಕ್ಕೆ ಸುಮಾರು 4 ಪೆನ್ಸ್ ಸಿಗುತ್ತಿತ್ತು. ಹತ್ತು ದಿನ ದುಡಿದು, ಹೊಟ್ಟಿಗೆ ಏನೂ ತಿನ್ನದೆ ಉಳಿಸಿದರೆ ಒಂದು ಬಿಲ್ಲು. ಬಾಣ, ಹೆದೆ ಬೇರೆ.

ಕಡಿಮೆ ಖರ್ಚಿನ ದಾರಿ ಎಲ್ಮ್ ಅಥವಾ ಆಶ್ ಮರದ ಬಿಲ್ಲು. ಕೀಳು ಅಂತ ಮೂಗು ಮುರೀಬ್ಯಾಡ್ರಿ. 12ನೆಯ ಶತಮಾನದಾಗ ವೇಲ್ಸ್ ಸುತ್ತಿದ ಜೆರಾಲ್ಡ್ ಎಂಬ ಪಾದ್ರಿ ಅಲ್ಲಿನ ಎಲ್ಮ್ ಬಿಲ್ಲುಗಳ ವಿಷಯ ಬರೆದಿದ್ದಾನೆ. ನೋಡಲಿಕ್ಕೆ ಒರಟು, ಹೊಳಪಿಲ್ಲ, ಆದರೆ ಅವುಗಳ ಬಾಣ ಕೋಟೆಯೊಂದರ ಓಕ್ ಬಾಗಿಲನ್ನು, ಸುಮಾರು ನಾಲ್ಕು ಬೆರಳು ದಪ್ಪದ್ದನ್ನು, ತೂರಿ ಹೋಗಿತ್ತಂತೆ.

ಅಂಗಡಿಯಾಗ ಹೆಂಗ ಆರಿಸಬೇಕು? ಇದಕ್ಕೂ ಪುಸ್ತಕ ಅದ. ರೋಜರ್ ಆಸ್ಕಮ್ ಎಂಬ ಕೇಂಬ್ರಿಜ್ ಮೇಷ್ಟ್ರು 1545ರಲ್ಲಿ 'ಟಾಕ್ಸೊಫಿಲಸ್' ಬರೆದು ಎಂಟನೆಯ ಹೆನ್ರಿ ರಾಜನಿಗೆ ಒಪ್ಪಿಸಿದರು. ಅವರ ಸಲಹೆಯ ತಿರುಳು ನಮ್ಮ ಕಡೆ ಎತ್ತು ಕೊಳ್ಳುವಾಗ ಹಿರಿಯರು ಹೇಳೋ ಹಂಗೇ ಅದ: ಬಣ್ಣಕ್ಕೆ ಮರುಳಾಗಬ್ಯಾಡ. ಕೋಲು ನೆಟ್ಟಗಿರಬೇಕು, ತಿರುಚಿರಬಾರದು, ಗಂಟು ಬಿರುಕು ಇರಬಾರದು, ಉದ್ದ ಇರಬೇಕು, ಕೈಗೆ ಭಾರ ಹತ್ತಬೇಕು. ಕೊಂಡ ಮೇಲೆ ಬಯಲಿಗೆ ಒಯ್ದು ಭಾರದ ಬಾಣ ಹಾಕಿ ಹೊಡೆದು ನೋಡು, ಎಲ್ಲಿ ಹೆಚ್ಚು ಬಾಗುತ್ತದೆ ತಿಳಿದುಕೊಂಡು ಮತ್ತೆ ತಿದ್ದಿಸು. ಬೆಲೆಗಿಂತ ಈ ಕೊನೆಯ ಮಾತು ನನಗೆ ದೊಡ್ಡದು ಅನಿಸ್ತದ, ಯಾಕಂದ್ರ ಅಗ್ಗದ ಬಿಲ್ಲೂ ತಿದ್ದಿದರೆ ಕೆಲಸಕ್ಕೆ ಬರ್ತದ.

ಮಕ್ಕಳ ಬಿಲ್ಲಿನ ವಿಷಯಕ್ಕೆ ಹ್ಯೂ ಲ್ಯಾಟಿಮರ್ ಸಾಕ್ಷಿ. ಅವನ ಅಪ್ಪನಿಗೆ ಸ್ವಂತ ಭೂಮಿ ಇರಲಿಲ್ಲ, ಗೇಣಿ ಹೊಲ. ಆದರೂ ಮಗನ ವಯಸ್ಸು, ಬಲ ಬೆಳೆದಂತೆ ದೊಡ್ಡ ದೊಡ್ಡ ಬಿಲ್ಲು ಕೊಡಿಸಿದ, ತೋಳಿನಿಂದ ಅಷ್ಟೇ ಅಲ್ಲ, ಇಡೀ ಮೈ ಹಾಕಿ ಎಳೆಯೋದು ಕಲಿಸಿದ. 1549ರಲ್ಲಿ ರಾಜನ ಎದುರು ಉಪದೇಶ ಮಾಡುವಾಗ ಲ್ಯಾಟಿಮರ್ ಇದನ್ನು ತಾನೇ ಹೇಳಿದ. 1541-42ರ ಕಾನೂನು ಇದನ್ನು ಎಲ್ಲ ಅಪ್ಪಂದಿರ ಮೇಲೂ ಹೇರಿತ್ತು: 7 ವರ್ಷ ತುಂಬಿದ ಮಗನಿಗೆ ಒಂದು ಬಿಲ್ಲು, 2 ಬಾಣ, 17 ಆದ ಮೇಲೆ ಅವನೇ ಒಂದು ಬಿಲ್ಲು, 4 ಬಾಣ ಇಟ್ಟುಕೊಳ್ಳಬೇಕು. ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಮಾತು. 17ರೊಳಗಿನ ಹುಡುಗ ಯೂ ಮರದ ಬಿಲ್ಲು ಹಿಡಿಯಬೇಕಾದರೆ ಅವನ ಹೆತ್ತವರಿಗೆ ವರ್ಷಕ್ಕೆ 10 ಪೌಂಡ್ ಬರುವ ಭೂಮಿಯೋ, ಅವನಿಗೇ 40 ಮಾರ್ಕ್ ಬೆಲೆಯ ಸೊತ್ತೋ ಇರಬೇಕು. ಇಲ್ಲಂದ್ರ ದಂಡ. ಬಡ ಹುಡುಗನಿಗೆ ಎಲ್ಮ್ ಸಾಕು ಅಂತ ಕಾನೂನೇ ಹೇಳಿತು.

ಈ ಕಲಿಕೆ ಎಲುಬಿಗೂ ಇಳಿದಿತ್ತು. 1545ರಲ್ಲಿ ಮುಳುಗಿದ 'ಮೇರಿ ರೋಸ್' ಹಡಗನ್ನು 1982ರಲ್ಲಿ ಎತ್ತಿದರು. ಅದರೊಳಗೆ 137 ಇಡೀ ಬಿಲ್ಲು ಸಿಕ್ಕವು. ಕೆಲವನ್ನು ಪೂರ್ತಿ ಎಳೆಯಲು ಅರ್ಧ ಕ್ವಿಂಟಲ್ ಜೋಳದ ಚೀಲ ಎತ್ತುವುದಕ್ಕಿಂತ ಹೆಚ್ಚು ಬಲ ಬೇಕೆಂದು ಲೆಕ್ಕ ಹಾಕಿದ್ದಾರೆ. ಜತೆಗೆ ಸಿಕ್ಕ ಹಲವು ಅಸ್ಥಿಪಂಜರಗಳ ಭುಜದ ಎಲುಬು ಕೂಡಿಕೊಳ್ಳದೆ ಬೇರೆಯೇ ಉಳಿದಿತ್ತು. ಸಣ್ಣವರಿದ್ದಾಗಿನಿಂದ ಬಿಲ್ಲು ಎಳೆದಿದ್ದರ ಗುರುತು ಅಂತ ತಜ್ಞರು ಹೇಳ್ತಾರ.

ಇಷ್ಟೆಲ್ಲ ಮಾಡಿ ಕೊಂಡ ಬಿಲ್ಲಿನಿಂದ ಆ ಹುಡುಗ ಹಸಿದಾಗ ಒಂದು ಜಿಂಕೆ ಹೊಡೆಯಬಹುದೇ? ಇಲ್ರಿ. ವಿಲಿಯಂ ದೊರೆಯ ಕಾಲಕ್ಕೆ ಜಿಂಕೆ ಕೊಂದವನ ಕಣ್ಣು ಕೀಳುತ್ತಿದ್ದರು. 1217ರ ಅರಣ್ಯ ಸನ್ನದು ಬಂದ ಮೇಲೆ ಜೀವ, ಅಂಗ ತೆಗೆಯುವುದು ನಿಂತಿತು. ದಂಡ ಕಟ್ಟಬೇಕು, ರೊಕ್ಕ ಇಲ್ಲದವನು ಒಂದು ವರ್ಷ ಒಂದು ದಿನ ಸೆರೆಮನೆ, ಆಮೇಲೂ ಜಾಮೀನು ಸಿಗದಿದ್ದರೆ ದೇಶ ಬಿಡಬೇಕು. ಹೆದೆ ಏರಿಸಿ ನಿಂತವನು ಸಿಕ್ಕರೂ ಅಪರಾಧಿ, ಕೈಗೆ ರಕ್ತ ಹತ್ತಿದವನು ಸಿಕ್ಕರೂ ಅಪರಾಧಿ. ಮನುಷ್ಯನ ಗಡಿಗೆಯೊಳಗಿನ ಮಾಂಸ ನೋಡಿ ಅವನ ತಪ್ಪು ಅಳೆಯೋದು ನಮಗೂ ಹೊಸದಲ್ಲ ಬಿಡ್ರಿ.

1381ರಲ್ಲಿ ರೈತರು ದಂಗೆ ಎದ್ದಾಗ, ಕಾಡು, ನೀರು, ಬೇಟೆ ಎಲ್ಲರಿಗೂ ಸೇರಬೇಕು ಎಂಬುದು ವ್ಯಾಟ್ ಟೈಲರನ ಬೇಡಿಕೆಗಳಲ್ಲಿ ಒಂದಾಗಿತ್ತು. ಅವನನ್ನು ಕೊಂದರು. ಒಂಬತ್ತು ವರ್ಷಕ್ಕೆ, 1390ರಲ್ಲಿ, ಪಾರ್ಲಿಮೆಂಟ್ ಉತ್ತರ ಕೊಟ್ಟಿತು: ವರ್ಷಕ್ಕೆ 40 ಶಿಲ್ಲಿಂಗ್ ಬರುವ ಭೂಮಿ ಇಲ್ಲದವನು ಬೇಟೆನಾಯಿ ಸಾಕಬಾರದು, ಬಲೆ ಹಾಕಿ ಜಿಂಕೆ ಮೊಲ ಹಿಡಿಯಬಾರದು, ಹಿಡಿದರೆ ಒಂದು ವರ್ಷ ಜೈಲು.

ಬಂದೂಕು ಬಂತು. 1595ರಲ್ಲಿ ರಾಣಿ ಎಲಿಜಬೆತಳ ಮಂತ್ರಿಮಂಡಳ ಸೈನ್ಯದಿಂದ ಬಿಲ್ಲು ತೆಗೆಯಿತು. ರಾಜನಿಗೆ ಬಿಲ್ಲುಗಾರ ಬೇಡವಾದ. 1671ರ ಬೇಟೆ ಕಾನೂನು ನೋಡ್ರಿ: ವರ್ಷಕ್ಕೆ 100 ಪೌಂಡ್ ಆದಾಯದ ಸ್ವಂತ ಭೂಮಿ ಇಲ್ಲದ ಸಾಮಾನ್ಯ ಮನುಷ್ಯ ಬಂದೂಕು, ಬಿಲ್ಲು, ಬೇಟೆನಾಯಿ, ಬಲೆ ಯಾವುದನ್ನೂ ಇಟ್ಟುಕೊಳ್ಳುವಂತಿಲ್ಲ. ಮನೆಯಲ್ಲಿ ಬಿಲ್ಲು ಇಲ್ಲದಿದ್ದರೆ ದಂಡ ಎಂದಿದ್ದ ದೇಶದಾಗ ಈಗ ಬಿಲ್ಲು ಇದ್ದರೆ ತಪ್ಪು. ಆಗ ಮತ ಹಾಕಲು 40 ಶಿಲ್ಲಿಂಗಿನ ಭೂಮಿ ಸಾಕಿತ್ತು. ಒಂದು ಮೊಲ ಹೊಡೆಯಲು ಅದರ 50 ಪಟ್ಟು ಬೇಕು. ಈ ಆಸ್ತಿಯ ಷರತ್ತು ಹೋದದ್ದು 1831ರಲ್ಲಿ.

ಬಾಬಾಸಾಹೇಬರ ಮಾತು ಸುಳ್ಳೇನು ಹಂಗಾದ್ರ? ನನಗೆ ಹಾಗನಿಸುವುದಿಲ್ಲ. ಇಂಗ್ಲೆಂಡಿನ ಕಾನೂನು ಮನುಷ್ಯನನ್ನು ಅಳೆದದ್ದು ರೊಕ್ಕದಿಂದ. 40 ಶಿಲ್ಲಿಂಗ್ ದಾಟಿದರೆ ಗೆರೆ ದಾಟಿದ ಹಾಗೆ. ಗೇಣಿದಾರನ ಮಗ ಲ್ಯಾಟಿಮರ್ ಬಿಷಪ್ ಆದ. ನಮ್ಮಲ್ಲಿ ಎಷ್ಟು ರೊಕ್ಕ ಗಳಿಸಿದರೂ ದಾಟಲಾಗದ ಗೆರೆ ಇತ್ತು. ಆದರೆ ಬೇಕಾದಾಗ ಆಯುಧ ಕೊಟ್ಟು ಬೇಡವಾದಾಗ ಕಸಿಯುವ ಆಟ ಎರಡೂ ಕಡೆ ಒಂದೇ ಆಗಿತ್ತು. 1818ರ ಜನವರಿ 1ರಂದು ಕೋರೆಗಾಂವದಲ್ಲಿ ಕಂಪನಿಯ ಪರ ಕಾದಾಡಿದ ಮಹಾರ ಸೈನಿಕರ ಹೆಸರು ಅಲ್ಲಿನ ಸ್ತಂಭದ ಮೇಲೆ ಅವ. ಆ ಸೇನೆಯೇ ರಾಮಜಿ ಸಕ್ಪಾಲರಿಗೆ ಸುಭೇದಾರ ಪದವಿ ಕೊಟ್ಟಿತು, ಸೇನೆಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯರನ್ನಾಗಿ ಮಾಡಿತು. ಆ ಮನೆಯಲ್ಲೇ 1891ರಲ್ಲಿ ಭೀಮರಾವ್ ಹುಟ್ಟಿದ್ದು. ಮರುವರ್ಷದ ಸುಮಾರಿಗೆ, ನೀವು ಕಾಳಗದ ಜಾತಿಯವರಲ್ಲ ಅಂತ ಹೇಳಿ ಮಹಾರರ ಭರ್ತಿ ನಿಲ್ಲಿಸಿದರು. ನಿವೃತ್ತ ಸೈನಿಕ ಗೋಪಾಳ ಬಾಬಾ ವಲಂಗಕರ ಅದರ ವಿರುದ್ಧ ಅರ್ಜಿ ಸಿದ್ಧಪಡಿಸಿದರು. 1917ರಲ್ಲಿ ಮಹಾಯುದ್ಧಕ್ಕೆ ಜನ ಸಾಲದಾದಾಗ ಮತ್ತೆ ಕರೆದು ಒಂದು ಪಡೆ ಕಟ್ಟಿದರು, ಯುದ್ಧ ಮುಗಿದು ಕೆಲವೇ ವರ್ಷಕ್ಕೆ ಅದನ್ನೂ ಬಿಟ್ಟರು. 1941ರಲ್ಲಿ ಬಾಬಾಸಾಹೇಬರು ವೈಸರಾಯರ ರಕ್ಷಣಾ ಸಲಹಾ ಸಮಿತಿ ಸೇರಿ ಒತ್ತಾಯ ಮಾಡಿದರು. ಆ ವರ್ಷದ ಅಕ್ಟೋಬರಿನಲ್ಲಿ ಮಹಾರ ರೆಜಿಮೆಂಟಿನ ಮೊದಲ ಬಟಾಲಿಯನ್ ಎದ್ದು ನಿಂತದ್ದು ನಮ್ಮ ಬೆಳಗಾವಿಯಲ್ಲಿ. ಮೊದಲಿಗೆ ಅವರ ಟೊಪ್ಪಿಗೆಯ ಬಿಲ್ಲೆಯ ಮೇಲೆ ಇದ್ದದ್ದು ಅದೇ ಕೋರೆಗಾಂವದ ಸ್ತಂಭ.