ಲಕ್ಷ ವರ್ಷ ಹಳೆಯ ಕಲ್ಲಿಗೆ ‘ಕಾರ್ಬನ್ ಡೇಟಿಂಗ್’ ಮಾಡಿದರಂತೆ! ಸಾಧ್ಯವೇ?

‘ಭೂಮಿ ಅಗೆಯುವಾಗ ಸಿಕ್ಕ ಈ ಕಲ್ಲು 1 ಲಕ್ಷ ವರ್ಷ ಹಳೆಯದು, ಕಾರ್ಬನ್ ಡೇಟಿಂಗ್‌ನಿಂದ ಸಾಬೀತಾಗಿದೆ’ ಎಂಬ ಧಾಟಿಯ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಈ ಒಂದೇ ವಾಕ್ಯದಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು, ಕಾರ್ಬನ್-14 ವಿಧಾನ ನಡೆಯುವುದು ಹೆಚ್ಚಾಗಿ ಒಮ್ಮೆ ಜೀವವಿದ್ದ ವಸ್ತುಗಳ ಮೇಲೆ: ಇದ್ದಿಲು, ಮೂಳೆ, ಬೀಜ, ಚಿಪ್ಪು. ಕಲ್ಲಿನ ವಯಸ್ಸನ್ನು ಅದು ಹೇಳದು. ಎರಡನೆಯದು, ಕಾರ್ಬನ್-14 ಪ್ರತಿ 5,730 ವರ್ಷಕ್ಕೆ ಅರ್ಧಕ್ಕೆ ಇಳಿಯುತ್ತದೆ. 50,000 ವರ್ಷ ಕಳೆಯುವಷ್ಟರಲ್ಲಿ ನಾನೂರರಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ಆಗ ಸ್ವಲ್ಪ ಕಲಬೆರಕೆಯಾದರೂ ಲೆಕ್ಕ ಕೆಡುತ್ತದೆ. ಎಷ್ಟೋ ಲಕ್ಷ ವರ್ಷ ಹಳೆಯ ಮಾದರಿಗೆ ಶೇ 1ರಷ್ಟು ಇಂದಿನ ಕಾರ್ಬನ್ ಬೆರೆತರೆ ಸಾಕು, ಅದರ ವಯಸ್ಸು ಸುಮಾರು 37,000 ವರ್ಷ ಎಂದು ಬರುತ್ತದೆ!

ಕೊನೆಯ ಹಿಮಯುಗ ಶುರುವಾದದ್ದು ಸುಮಾರು 1,15,000 ವರ್ಷಗಳ ಹಿಂದೆ, ಮುಗಿದದ್ದು ಸುಮಾರು 11,700 ವರ್ಷಗಳ ಹಿಂದೆ. ಅಂದರೆ ಅದರ ಅರ್ಧಕ್ಕಿಂತ ಹೆಚ್ಚು ಕಾಲ ಕಾರ್ಬನ್-14ರ ಕೈಗೆ ಸಿಗುವುದೇ ಇಲ್ಲ.

ಹಾಗಾದರೆ ಆಳ ನೋಡಿ ಹೇಳಬಹುದೇ?

ಅದೂ ಆಗದು. ಮೇಲಿನ ಪದರ ಹೊಸದು, ಕೆಳಗಿನದು ಹಳೆಯದು ಎಂಬುದೇನೋ ಸಾಮಾನ್ಯವಾಗಿ ಸರಿ. ಆದರೆ ಎಷ್ಟು ಹಳೆಯದು? ಆಳ ಸಮುದ್ರದ ತಳದಲ್ಲಿ ಕೆಸರು ನಿಧಾನವಾಗಿ ಕೂರುತ್ತಾ ಹೋಗುತ್ತದೆ. ನೆಲದ ಮೇಲೆ ಒಂದು ಪ್ರವಾಹ ಒಂದೇ ದಿನದಲ್ಲಿ ಮಾರುದ್ದ ಮಣ್ಣು ತಂದು ಹಾಕಬಹುದು, ಇನ್ನೊಂದು ಸಾವಿರಾರು ವರ್ಷಗಳ ಪದರವನ್ನೇ ಕೊಚ್ಚಿಕೊಂಡು ಹೋಗಬಹುದು. ಹಾಗಾಗಿ ಎರಡು ಊರುಗಳ ಪದರಗಳನ್ನು ಹೋಲಿಸಲು ಎರಡೂ ಕಡೆ ಒಂದೇ ಕಾಲಕ್ಕೆ ಬಿದ್ದ ಗುರುತೊಂದು ಬೇಕು.

ಅಂಥ ಗುರುತು ನಮ್ಮ ನೆರೆಯಲ್ಲೇ ಇದೆ. ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಮಣ್ಣಿನ ನಡುವೆ ಬಿಳಿಚಿದ ಬೂದಿಯ ದಪ್ಪ ಪದರವಿದೆ. (ಹಿಮಯುಗ ಎಂದರೆ ಇಲ್ಲೆಲ್ಲ ಹಿಮ ಸುರಿದಿತ್ತು ಎಂದಲ್ಲ, ಅದು ಇಡೀ ಭೂಮಿ ತಣ್ಣಗಾಗಿದ್ದ ಕಾಲ.) ಈ ಬೂದಿ ಬಂದದ್ದು ಎರಡೂವರೆ ಸಾವಿರ ಕಿ.ಮೀ.ಗೂ ಆಚೆಯ ಸುಮಾತ್ರಾದ ಟೋಬಾ ಜ್ವಾಲಾಮುಖಿಯಿಂದ. ಬೂದಿಯ ಗಾಜಿನ ಚೂರುಗಳ ರಾಸಾಯನಿಕ ಸಂಯೋಜನೆ ಬೆರಳಚ್ಚಿನಂತೆ ಅದನ್ನು ಗುರುತಿಸಿಕೊಡುತ್ತದೆ. ಅದೇ ಬೂದಿ ಆಫ್ರಿಕಾದ ಮಲಾವಿ ಸರೋವರದ ತಳದಲ್ಲೂ ಸಿಕ್ಕಿದೆ. ಟೋಬಾದ ಹರಳುಗಳಲ್ಲಿ ಆರ್ಗಾನ್ ಅನಿಲವನ್ನು ಅಳೆದಾಗ ಸ್ಫೋಟದ ಕಾಲ ಸುಮಾರು 74,000 ವರ್ಷಗಳ ಹಿಂದೆ ಎಂದು ತಿಳಿಯಿತು.

ಮರಳಿನ ಕಣವೂ ಗಡಿಯಾರ

ನಮಗೆ ಹೆಚ್ಚು ಅಚ್ಚರಿಯೆನಿಸುವುದು ಇನ್ನೊಂದು ವಿಧಾನ. ಮಣ್ಣಿನಲ್ಲಿ ಹೂತ ಮರಳಿನ ಕಣ ಸುತ್ತಲಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ಅಲ್ಪ ವಿಕಿರಣದಿಂದ ಕತ್ತಲಲ್ಲಿ ‘ಚಾರ್ಜ್’ ಆಗುತ್ತಾ ಹೋಗುತ್ತದೆ. ಬಿಸಿಲು ಬಿದ್ದರೆ ಆ ಚಾರ್ಜ್ ಖಾಲಿ. ಹಾಗಾಗಿ ವಿಜ್ಞಾನಿಗಳು ಬೆಳಕು ತೂರದ ಕೊಳವೆಯನ್ನು ಪದರಕ್ಕೆ ಬಡಿದು ಮಾದರಿ ತೆಗೆಯುತ್ತಾರೆ, ಮಂದ ಕೆಂಪು ಬೆಳಕಿನ ಕೋಣೆಯಲ್ಲಿ ತೆರೆಯುತ್ತಾರೆ. ಕಣದ ಮೇಲೆ ಬೇರೆ ಬೆಳಕು ಬಿಟ್ಟಾಗ ಅದು ಹೊರಸೂಸುವ ಮಿನುಗು, ಕಣ ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ಹೇಳುತ್ತದೆ.

ಮೈಕೆಲ್ ಪೆಟ್ರಾಗ್ಲಿಯಾ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಜ್ವಾಲಾಪುರಂನ ಈ ಅಳತೆಗಳನ್ನು 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೂದಿಯ ಕೆಳಗಿನ ಮಣ್ಣು 77,000 ವರ್ಷ (6,000 ಹೆಚ್ಚು-ಕಡಿಮೆ), ಮೇಲಿನದು 74,000 ವರ್ಷ (7,000 ಹೆಚ್ಚು-ಕಡಿಮೆ). ಒಂದಕ್ಕೊಂದು ಸಂಬಂಧವಿಲ್ಲದ ಎರಡು ವಿಧಾನಗಳು ಒಂದೇ ಉತ್ತರ ಕೊಟ್ಟವು! ಆ ‘ಹೆಚ್ಚು-ಕಡಿಮೆ’ಯನ್ನು ಗಮನಿಸಿ, ಫಾರ್ವರ್ಡ್‌ಗಳಲ್ಲಿ ಅದು ಇರುವುದೇ ಇಲ್ಲ. ಬೂದಿಯ ಕೆಳಗೂ ಮೇಲೂ ಹೆಚ್ಚುಕಡಿಮೆ ಒಂದೇ ಬಗೆಯ ಕಲ್ಲಿನ ಉಪಕರಣಗಳು ಸಿಕ್ಕಿವೆ. ಅವುಗಳ ವಯಸ್ಸು ತಿಳಿದದ್ದು ಕಲ್ಲನ್ನು ಅಳೆದಲ್ಲ, ಅವು ಕೂತ ಪದರವನ್ನು ಅಳೆದು.

ಎಲ್ಲ ಕಡೆ ಇಷ್ಟು ಸಲೀಸಲ್ಲ. ಟೋಬಾ ಅದಕ್ಕೂ ಲಕ್ಷಾಂತರ ವರ್ಷ ಮೊದಲೇ ದೊಡ್ಡದಾಗಿ ಸಿಡಿದಿತ್ತು, ಆ ಬೂದಿಗಳಿಗೂ ಹೋಲಿಕೆಯಿದೆ. ಸಾಲದ್ದಕ್ಕೆ ನದಿಗಳು ಹಳೆಯ ಬೂದಿಯನ್ನು ತೊಳೆದು ತಂದು ಹೊಸ ಮಣ್ಣಿನ ಮೇಲೆ ಹಾಕುತ್ತವೆ. ಮಹಾರಾಷ್ಟ್ರದ ಪುಣೆ ಜಿಲ್ಲೆಯ ಬೋರಿಯ ಬೂದಿಯನ್ನು ಕೆಲವರು 74,000 ವರ್ಷದ್ದೆಂದರೆ, ಇನ್ನು ಕೆಲವರು 6 ಲಕ್ಷ ವರ್ಷಕ್ಕೂ ಹಳೆಯದೆಂದು ವಾದಿಸಿದ್ದಾರೆ.