ಕ್ಯಾಸನೂರಿನ ಕಾಡು, ಲೆಕ್ಕದ ನಕ್ಷೆ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. 1957ರ ಮಾರ್ಚ್‌ನಲ್ಲಿ ಅಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಸಂಶಯ ಹಳದಿ ಜ್ವರದ್ದು. ಪ್ರಯೋಗಾಲಯದಲ್ಲಿ ಸಿಕ್ಕಿದ್ದು ಬೇರೆಯೇ: ರಷ್ಯಾದ ಕಾಡುಗಳ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ್ದು, ಉಣುಗುಗಳಿಂದ ಹರಡುವಂಥದ್ದು. ಮುಂದೆ ಸುಮಾರು ಒಂದೂವರೆ ದಶಕ ಈ ಮಂಗನ ಕಾಯಿಲೆ ಸೊರಬ, ಶಿಕಾರಿಪುರ, ಸಾಗರ ತಾಲ್ಲೂಕುಗಳನ್ನು ದಾಟಲಿಲ್ಲ.

ಕಾಡು ಕಡಿದು ಗದ್ದೆ ಮಾಡಿ, ಉಳಿದ ಕಾಡಿಗೆ ದನ ಬಿಟ್ಟದ್ದರಿಂದ ಉಣುಗು ಹೆಚ್ಚಿತು ಎಂದು ಬೋಶೆಲ್ ಎಂಬ ವೈದ್ಯ 1969ರಲ್ಲಿ ಬರೆದರು. ಒಳ್ಳೆಯ ಊಹೆ. ಆದರೆ ಊಹೆಯನ್ನು ಒರೆಗೆ ಹಚ್ಚುವುದು ಹೇಗೆ?

ಕಾರ್ಖಾನೆಯವರ ಕ್ರಮ ನೋಡಿ. ಕುಲುಮೆಗೊಂದು ಗಣಿತದ ಮಾದರಿ ಮಾಡಿದರೆ, ಅದು ಹೇಳುವ ಉಷ್ಣತೆಯನ್ನು ಪಾಳಿಯವರು ದಾಖಲೆ ಪುಸ್ತಕದಲ್ಲಿ ಬರೆದಿಟ್ಟ ಉಷ್ಣತೆಯ ಪಕ್ಕದಲ್ಲಿಟ್ಟು ನೋಡುತ್ತಾರೆ. ಒಂದು ಕಟ್ಟುನಿಟ್ಟು ಮಾತ್ರ ಉಂಟು: ಮಾದರಿ ಕಟ್ಟಲು ಬಳಸಿದ ಅಂಕಿಗಳಿಂದಲೇ ಅದನ್ನು ಪರೀಕ್ಷಿಸಬಾರದು. ಉತ್ತರ ನೋಡಿಕೊಂಡು ಲೆಕ್ಕ ಮಾಡಿದ ಹುಡುಗನಿಗೆ ಅದೇ ಲೆಕ್ಕ ಕೊಟ್ಟು ಪಾಸು ಮಾಡಿದಂತಾದೀತು!

ಭಾರತ–ಬ್ರಿಟನ್ನಿನ ಸಂಶೋಧಕರ ತಂಡವೊಂದು 2020ರಲ್ಲಿ ಪ್ರಕಟಿಸಿದ ಕೆಲಸ ಇದೇ ಜಾಡಿನದು. ಶಿವಮೊಗ್ಗ ಜಿಲ್ಲೆಯ 2014ರಿಂದ 2018ರ ವರೆಗಿನ ರೋಗಿಗಳ ದಾಖಲೆಯಿಂದ ಅಪಾಯದ ನಕ್ಷೆ ಕಟ್ಟಿದರು. ತೇವದ ನಿತ್ಯಹರಿದ್ವರ್ಣ ಕಾಡೂ ನೆಡುತೋಪೂ ಬೆರೆತ ಕಡೆ, ನಾಟಿ ದನ ಹೆಚ್ಚಿರುವ ಕಡೆ ಅಪಾಯ ಹೆಚ್ಚೆಂದು ಕಂಡಿತು. ಬೋಶೆಲ್‌ರ ದನಗಳು ಐವತ್ತು ವರ್ಷದ ಮೇಲೆ ಲೆಕ್ಕದಲ್ಲಿ ಮತ್ತೆ ಬಂದವು! ಬಳಿಕ ನಕ್ಷೆಯನ್ನು 2019ರಲ್ಲಿ ಕಾಯಿಲೆ ಕಾಣಿಸಿದ ಜಾಗಗಳಿಗೆ ಹಿಡಿದು ನೋಡಿದರು, ಬಹುಮಟ್ಟಿಗೆ ಹೊಂದಿತು.

ನಮ್ಮಂಥ ದೂರದರ್ಶನದವರಿಗೆ ಇಂಥ ನಕ್ಷೆ ಎಂದರೆ ಪ್ರೀತಿ. ಬಣ್ಣ ಪರದೆ ತುಂಬುತ್ತದೆ. ಆದರೆ ನೀವು ಆ ಬಣ್ಣವಿಲ್ಲದ ಚೌಕಗಳನ್ನೂ ಸಂಶಯದಿಂದ ನೋಡಬೇಕು. ಕುಲುಮೆಯ ಮಾಪಕ ತಾನಾಗಿ ಅಂಕಿ ಕೊಡುತ್ತದೆ. ಕಾಡಿನಲ್ಲಿ ಸತ್ತ ಮಂಗವನ್ನು ಯಾರಾದರೂ ಕಂಡು ಹೇಳಬೇಕು. ಜ್ವರ ಬಂದವರ ರಕ್ತ ಪರೀಕ್ಷೆಗೆ ಹೋಗಬೇಕು. ಹೋಗದಿದ್ದರೆ ದಾಖಲೆಯಲ್ಲಿ ಬೀಳುವುದು ಸೊನ್ನೆ. ಆ ಸೊನ್ನೆಗೆ ಹೊಂದಿದ ಮಾದರಿಯನ್ನೂ ನಾವು ಸರಿ ಎನ್ನುತ್ತೇವೆ.

ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದ್ದಾಯಿತು. ಡಿಸೆಂಬರ್ ಬಂದರೆ ಕೊಟ್ಟಿಗೆಗೆ ತರಗೆಲೆ ತರಲು ಹೆಂಗಸರು ಕಾಡಿಗೆ ಹೋಗುತ್ತಾರೆ, ಉಣುಗು ಇರುವುದೂ ಆ ಎಲೆಯಡಿಯಲ್ಲೇ.